ನೆಲದೊಳಗಣ ಸ್ಥಿತಿಯನ್ನು ವಿದ್ಯುತ್ತಿನಿಂದಲೂ ಕಂಪನದಿಂದಲೂ ಪರೀಕ್ಷಿಸುವ ಕ್ರಮ

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಹೇರೋಹಳ್ಳಿಯು ಸುತ್ತಣ ಅನೇಕ ಗ್ರಾಮಗಳಂತೆ ಮೊದಲು ತನ್ನ ಕೆರೆಯನ್ನೂ, ಅನಂತರ ತೆರೆದ ಬಾವಿಗಳನ್ನೂ, ಕಡೆಗೆ ಕೊಳವೆಬಾವಿಗಳನ್ನೂ ನಂಬಿ ಬಂದಿತು. 2007ರಲ್ಲಿ ಈ ಗ್ರಾಮವು ಆಗ ರಚಿತವಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಕ್ಕೆ ಸೇರಿತು. ಹೊಲಗಳಿದ್ದೆಡೆಯಲ್ಲಿ ಮನೆಗಳು ಎದ್ದುವು. ಆದರೆ ನೆಲದ ಮೇಲೆ ಎಷ್ಟೇ ಬದಲಾವಣೆಯಾದರೂ ನೆಲದ ಕೆಳಗಿರುವ ಬಂಡೆಯು ಬದಲಾಗಲಿಲ್ಲ. ಅಲ್ಲಿ ಬಾವಿಯನ್ನು ಕೊರೆಯಿಸುವವನಿಗೂ, ಮೂರಂತಸ್ತಿನ ಮನೆಗೆ ತಳಪಾಯ ಹಾಕಿಸುವವನಿಗೂ ಎದುರಾಗುವ ಪ್ರಶ್ನೆ ಒಂದೇ ಆಗಿರುತ್ತದೆ: ಮಣ್ಣು ಎಷ್ಟು ಆಳದವರೆಗಿದೆ, ಗರಸು ಎಷ್ಟು ದಪ್ಪವಾಗಿದೆ, ಗಟ್ಟಿ ಬಂಡೆ ಎಲ್ಲಿಂದ ಆರಂಭವಾಗುತ್ತದೆ?

ಈ ಪ್ರಶ್ನೆಗೆ ತಪ್ಪು ಉತ್ತರವನ್ನು ನಂಬಿದವರು ತೆರುವ ದಂಡವು ಸಾಮಾನ್ಯವಾದುದಲ್ಲ. 2024ರ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರೀ ಕೊಳವೆಬಾವಿಗಳ ಪೈಕಿ ಸುಮಾರು 6,900 ಒಣಗಿದುವೆಂದು ಸರ್ಕಾರದವರೇ ಪ್ರಕಟಿಸಿದರು. ಖಾಸಗಿ ಜಮೀನುಗಳಲ್ಲಿ ಒಂದು ಬಾವಿ ವಿಫಲವಾದೊಡನೆ ಅದರ ಪಕ್ಕದಲ್ಲಿಯೇ ಎರಡನೆಯದನ್ನು, ಅದೂ ಬತ್ತಿದರೆ ಮೂರನೆಯದನ್ನು ಕೊರೆಯಿಸಿ, ಸಾಲದ ಮೇಲೆ ಸಾಲ ಮಾಡಿದವರು ಪ್ರತಿಯೊಂದು ಹೋಬಳಿಯಲ್ಲಿಯೂ ಇರುತ್ತಾರೆ. ಕೊರೆಯುವುದಕ್ಕೆ ಮೊದಲು ನೆಲವನ್ನು ಪರೀಕ್ಷೆ ಮಾಡಿಸುವ ಪದ್ಧತಿ ಈಗ ಸಾಕಷ್ಟು ಬಳಕೆಗೆ ಬಂದಿದೆ. ಆದಾಗ್ಯೂ ಆ ಪರೀಕ್ಷೆಯು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ತಿಳಿದು ಹಣ ಕೊಡುವವರು ವಿರಳ. ಈ ಅರಿವಿಲ್ಲದಿದ್ದಲ್ಲಿ ಯಂತ್ರದ ಮಾತಿಗೂ ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟು ನೀರು ನೋಡುವವರ ಮಾತಿಗೂ ಜಮೀನುದಾರನ ಪಾಲಿಗೆ ಯಾವ ಭೇದವೂ ಉಳಿಯುವುದಿಲ್ಲ.

ಮೊದಲು ನೆಲದ ವಿಚಾರ. ಬೆಂಗಳೂರಿನ ಸುತ್ತಣ ಪ್ರದೇಶದ ಬುಡದಲ್ಲಿರುವುದು ಪೆನಿನ್ಸುಲರ್ ನೈಸ್ ಎಂದು ಭೂವಿಜ್ಞಾನಿಗಳು ಕರೆಯುವ ಪುರಾತನ ಶಿಲೆ. ಲಾಲ್‌ಬಾಗಿನ ಗುಡ್ಡದ ಮೇಲೆ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯೂ ಇದೇ ಜಾತಿಯದು; ಅದರ ವಯಸ್ಸನ್ನು ಸುಮಾರು 300 ಕೋಟಿ ವರ್ಷಗಳೆಂದು ಎಣಿಸಿದ್ದಾರೆ. ಲಾಲ್‌ಬಾಗಿನಲ್ಲಿ ಬೋಳಾಗಿ ಕಾಣುವ ಈ ಬಂಡೆಯು ಬೇರೆ ಕಡೆಗಳಲ್ಲಿ ಮಣ್ಣಿನ ಹೊದಿಕೆಯ ಕೆಳಗೆ ಅಡಗಿದೆ. ಮೇಲೆ ಕೆಮ್ಮಣ್ಣು ಅಥವಾ ಜೇಡಿ. ಅದರ ಕೆಳಗೆ ಗಾಳಿ ನೀರುಗಳ ಹೊಡೆತಕ್ಕೆ ಸಿಕ್ಕಿ ಪುಡಿಯಾದ ಗರಸು, ಅರ್ಥಾತ್ ಶಿಥಿಲ ಶಿಲೆ. ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಕಡೆಗೆ ಬಿರುಕಿಲ್ಲದ ಗಟ್ಟಿ ಬಂಡೆ. ಈ ಪದರಗಳ ದಪ್ಪವು ಒಂದೇ ಸರ್ವೇ ನಂಬರಿನ ಎರಡು ಮೂಲೆಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಒಂದು ಕಡೆ ಐದಾರು ಮೀಟರಿಗೆ ಬಂಡೆ ಸಿಕ್ಕಿದರೆ ಮತ್ತೊಂದು ಕಡೆ ಮೂವತ್ತು ಮೀಟರು ಹೋದರೂ ಗರಸೇ ಇರಬಹುದು. ಮಳೆಯ ನೀರು ಇಂಗಿ ನಿಲ್ಲುವುದು ಮುಖ್ಯವಾಗಿ ಈ ಗರಸಿನಲ್ಲಿ; ಬಂಡೆಯೊಳಗೆ ನೀರು ಇರುವುದಾದರೆ ಬಿರುಕುಗಳಲ್ಲಿ ಮಾತ್ರ. ನೆಲದೊಳಗೆ ಗಂಗೆಯು ಹೊಳೆಯಂತೆ ಹರಿಯುತ್ತಿರುವಳೆಂಬ ಜನರ ನಂಬಿಕೆಯು ನಮ್ಮ ಸೀಮೆಯ ಗಟ್ಟಿ ಶಿಲೆಗೆ ಒಪ್ಪತಕ್ಕದ್ದಲ್ಲ.

ವಿದ್ಯುತ್ತಿನ ಪರೀಕ್ಷೆಯು ಒಂದು ಸರಳ ಸಂಗತಿಯನ್ನು ಆಧರಿಸಿದೆ. ಒಣಗಿದ ಬಂಡೆಯು ವಿದ್ಯುತ್ತನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಮಣ್ಣಿನ ಸಂದುಗಳಲ್ಲಿರುವ ನೀರು ತನ್ನಲ್ಲಿ ಕರಗಿರುವ ಲವಣಗಳ ದೆಸೆಯಿಂದ ಅದನ್ನು ಹರಿಯಗೊಡುವುದು. ಆದುದರಿಂದ ನೆಲದ ತಡೆಯನ್ನು ಅಳೆದರೆ ಒಳಗಣ ಪದರಗಳ ಗುಣವನ್ನು ಊಹಿಸಬಹುದು. ಫ್ರಾನ್ಸ್ ದೇಶದ ಕಾನ್ರಾಡ್ ಶ್ಲುಂಬರ್ಜೆ ಎಂಬವರು 1912ರ ಸುಮಾರಿನಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ಅಮೆರಿಕದ ಫ್ರ್ಯಾಂಕ್ ವೆನ್ನರ್ ಎಂಬವರು 1915ರಲ್ಲಿ ನಾಲ್ಕು ಸಲಾಕೆಗಳ ಕ್ರಮವೊಂದನ್ನು ವಿವರಿಸಿದರು. ಇಂದಿಗೂ ನಮ್ಮ ಹೊಲಗಳಲ್ಲಿ ನಡೆಯುವ ಪರೀಕ್ಷೆಗಳು ಈ ಇಬ್ಬರ ಹೆಸರಿನಲ್ಲಿಯೇ ಇವೆ.

ಕೆಲಸದ ರೀತಿ ಹೀಗೆ: ನಾಲ್ಕು ಕಬ್ಬಿಣದ ಸಲಾಕೆಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆಯುವರು. ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟು ವ್ಯತ್ಯಾಸವಿದೆಯೆಂದು ನೋಡುವರು. ನೆಲ ಒಣಗಿದ್ದಲ್ಲಿ ಸಲಾಕೆಯ ಬುಡಕ್ಕೆ ಉಪ್ಪು ನೀರನ್ನು ಹೊಯ್ಯುವುದುಂಟು. ವೆನ್ನರ್ ಕ್ರಮದಲ್ಲಿ ಸಲಾಕೆಗಳ ನಡುವಣ ಅಂತರ ಎಲ್ಲೆಡೆಯಲ್ಲಿಯೂ ಸಮಾನ. ಆ ಅಂತರವು 10 ಮೀಟರು, ಹಾಯಿಸಿದ ವಿದ್ಯುತ್ತು 100 ಮಿಲಿ ಆಂಪಿಯರು, ದೊರೆತ ವ್ಯತ್ಯಾಸ 50 ಮಿಲಿ ವೋಲ್ಟು ಎಂದಿಟ್ಟುಕೊಳ್ಳೋಣ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅರ್ಧ ಓಂ ತಡೆ. ಅದನ್ನು 10ರಿಂದಲೂ 6.28ರಿಂದಲೂ ಗುಣಿಸಿದರೆ ಸುಮಾರು 31 ಓಂ-ಮೀಟರು ಎಂಬ ಸಂಖ್ಯೆ ಬರುತ್ತದೆ. ಸಲಾಕೆಗಳನ್ನು ದೂರ ದೂರಕ್ಕೆ ಸರಿಸಿದಂತೆಲ್ಲ ವಿದ್ಯುತ್ತು ಹೆಚ್ಚು ಆಳಕ್ಕೆ ಇಳಿದು ಹಾಯುವುದು. ಹೀಗೆ ಒಂದೊಂದು ಅಂತರಕ್ಕೂ ಒಂದೊಂದು ಸಂಖ್ಯೆಯನ್ನು ಬರೆದುಕೊಂಡು ಕಾಗದದ ಮೇಲೆ ಗೆರೆಯನ್ನು ಎಳೆಯುವರು.

ಸ್ಥೂಲವಾಗಿ ಹೇಳುವುದಾದರೆ ಒದ್ದೆಯಾದ ಜೇಡಿಮಣ್ಣು ಮತ್ತು ಕೆರೆಯ ಹೂಳು 20 ಓಂ-ಮೀಟರಿಗಿಂತ ಕಡಿಮೆಯನ್ನು ತೋರುತ್ತವೆ. ನೀರು ತುಂಬಿದ ಗರಸು 20ರಿಂದ 100ರವರೆಗೆ. ಬಿರುಕು ಬಿಟ್ಟ ಬಂಡೆ ಅದಕ್ಕಿಂತ ಮೇಲೆ, ಕೆಲವು ನೂರುಗಳು. ಗಟ್ಟಿ ಬಂಡೆ ಸಾವಿರವನ್ನು ಮೀರುವುದು. ಮೇಲಿನ ಮಣ್ಣು ಒಣಗಿದ್ದು ಅದರ ಕೆಳಗೆ ನೀರುಳ್ಳ ಗರಸು, ಅದರ ಕೆಳಗೆ ಬಂಡೆ ಇರುವಲ್ಲಿ ಕಾಗದದ ಮೇಲಣ ಗೆರೆಯು ಕೆರೆಯ ಏರಿಯಿಂದ ಅಂಗಳಕ್ಕೆ ಇಳಿದು ಮತ್ತೆ ಎದುರು ದಡವನ್ನು ಹತ್ತಿದಂತೆ ಕಾಣುವುದು. ಬೆಂಗಳೂರು ಸೀಮೆಯಲ್ಲಿ ಈ ಆಕಾರವೇ ಹೆಚ್ಚು.

ಇಲ್ಲಿಯವರೆಗಿನ ವಿಚಾರದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ತೊಡಕು ಉಂಟಾಗುವುದು ಈ ಗೆರೆಯನ್ನು ಅರ್ಥಮಾಡುವಾಗ. ಯಂತ್ರವು ನೀರನ್ನು ಕಾಣುವುದಿಲ್ಲ, ತಡೆಯನ್ನು ಮಾತ್ರ ಕಾಣುತ್ತದೆ. 25 ಓಂ-ಮೀಟರು ಎಂಬುದು ಒಳ್ಳೆಯ ನೀರುಳ್ಳ ಗರಸೂ ಆಗಿರಬಹುದು, ಒಂದು ಕೊಡ ನೀರನ್ನೂ ಬಿಡದ ಜೇಡಿಯ ಪದರವೂ ಆಗಿರಬಹುದು. ಚರಂಡಿಯ ಅಥವಾ ಕಾರ್ಖಾನೆಯ ಲವಣ ಸೇರಿದ ಹೊಲಸು ನೀರೂ ಹಾಗೆಯೇ ತೋರುವುದು. ಇದಲ್ಲದೆ ಮೇಲೆ ಹೇಳಿದ ಆಕಾರದ ಗೆರೆಯಲ್ಲಿ, 40 ಓಂ-ಮೀಟರಿನ 10 ಮೀಟರು ದಪ್ಪದ ಪದರವೂ 20 ಓಂ-ಮೀಟರಿನ 5 ಮೀಟರು ದಪ್ಪದ ಪದರವೂ ಹೆಚ್ಚುಕಡಿಮೆ ಒಂದೇ ಗೆರೆಯನ್ನು ಕೊಡುತ್ತವೆ. ಇವೆರಡರಲ್ಲಿ ಯಾವುದು ನಿಜವೆಂದು ಆ ಗೆರೆಯೊಂದರಿಂದಲೇ ಹೇಳಲು ಎಂತಹ ಪಂಡಿತನಿಗೂ ಸಾಧ್ಯವಿಲ್ಲ. ಆದುದರಿಂದಲೇ ನಿಷ್ಠೆಯುಳ್ಳ ಪರೀಕ್ಷಕರು ಹತ್ತಿರದಲ್ಲಿ ಈಗಾಗಲೇ ಕೊರೆದಿರುವ, ಒಳಗಣ ಪದರಗಳ ಲೆಕ್ಕ ತಿಳಿದಿರುವ ಬಾವಿಯೊಂದರ ಪಕ್ಕದಲ್ಲಿ ಮೊದಲು ಅಳೆದು, ಅನಂತರ ಹೊಸ ಸ್ಥಳಕ್ಕೆ ಬರುವರು. ಅಂತಹ ಬಾವಿ ಸಿಕ್ಕದಿದ್ದರೆ ಊರಿನ ಹಾಳು ಬಿದ್ದ ತೆರೆದ ಬಾವಿಯಾದರೂ ಆಗಬಹುದು. ಅದರ ಗೋಡೆಯಲ್ಲಿ ಮಣ್ಣು, ಗರಸು, ಬಂಡೆಗಳು ಎಷ್ಟೆಷ್ಟು ಆಳಕ್ಕಿವೆಯೆಂದು ಕಣ್ಣಿನಿಂದಲೇ ನೋಡಬಹುದು. ಇಂತಹ ಬಾವಿಗಳನ್ನು ಕಸ ತುಂಬಿ ಮುಚ್ಚುವುದರಿಂದ ಊರಿಗೆ ಆಗುವ ನಷ್ಟಗಳಲ್ಲಿ ಇದೂ ಒಂದು.

ಆಳದ ವಿಷಯವನ್ನು ಜಮೀನುದಾರರು ವಿಶೇಷವಾಗಿ ಗಮನಿಸತಕ್ಕದ್ದು. ಶ್ಲುಂಬರ್ಜೆ ಕ್ರಮದಲ್ಲಿ ಹೊರಗಿನ ಎರಡು ಸಲಾಕೆಗಳ ನಡುವೆ ಎಷ್ಟು ದೂರವಿದೆಯೋ ಅದರ ಐದರಲ್ಲೊಂದು ಪಾಲಿನಷ್ಟು ಆಳದ ಸ್ಥಿತಿಯನ್ನು ಅಂದಾಜಾಗಿ ತಿಳಿಯಬಹುದು. 60 ಮೀಟರು, ಎಂದರೆ ಸುಮಾರು 200 ಅಡಿ ಆಳವನ್ನು ನೋಡಬೇಕಾದರೆ 300 ಮೀಟರು ಉದ್ದದ, ಸಾಧ್ಯವಾದಷ್ಟು ನೇರವೂ ಸಮತಟ್ಟೂ ಆದ ಸಾಲು ಬೇಕು. ಬಯಲುಸೀಮೆಯ ಹೊಲದಲ್ಲಿ ಇದು ಕಷ್ಟವಲ್ಲ. ಹೇರೋಹಳ್ಳಿಯಂತಹ ಊರಿನಲ್ಲಿ ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದ ಮಾಲೀಕನು 300 ಮೀಟರನ್ನು ಎಲ್ಲಿಂದ ತಂದಾನು? ರಸ್ತೆಯ ಅಂಚಿನಲ್ಲಿ ಸಾಲು ಹಿಡಿದರೆ ನೆಲದಲ್ಲಿ ಹೂಳಿರುವ ಕಬ್ಬಿಣದ ಕೊಳವೆಗಳೂ, ವಿದ್ಯುತ್ ಕಂಬಗಳ ಭೂಸಂಪರ್ಕದ ತಂತಿಗಳೂ, ಮೇಲಿನ ತಂತಿಗಳ ಪ್ರಭಾವವೂ ಅಳತೆಯನ್ನು ಕೆಡಿಸುವುವು. ನಿವೇಶನದೊಳಗೇ ಸಲಾಕೆಗಳನ್ನು ಊರಿ, ಆ ಅಳತೆಯಿಂದ ಐನೂರು ಅಡಿಯ ಕೆಳಗಣ ಸಮಾಚಾರವನ್ನು ಹೇಳುವವರ ವರದಿಯನ್ನು ನಂಬಬೇಕಾದ ಕಾರಣವಿಲ್ಲ.

ಇದಕ್ಕಿಂತಲೂ ಮುಖ್ಯವಾದುದು ಆಳವಾದ ಕೊಳವೆಬಾವಿಗಳ ಪ್ರಶ್ನೆ. ಇಂದು ಬೆಂಗಳೂರಿನ ಸುತ್ತಲೂ ಸಾವಿರ ಅಡಿಯನ್ನು ಮೀರಿ ಕೊರೆಯಿಸುವುದು ಸಾಧಾರಣವಾಗಿಬಿಟ್ಟಿದೆ. ಅಷ್ಟು ಆಳದಲ್ಲಿ ದೊರೆಯುವ ನೀರು ಅಂಗೈಯಗಲದ, ಕೆಲವು ವೇಳೆ ಬೆರಳಗಲದ ಬಿರುಕುಗಳಲ್ಲಿರುವುದು. ಸುತ್ತಲೂ ನೂರಾರು ಮೀಟರು ಗಟ್ಟಿ ಬಂಡೆಯಿರುವಲ್ಲಿ ಅಂತಹ ಒಂದು ಬಿರುಕು ನೆಲದ ಮೇಲಣ ಅಳತೆಯಲ್ಲಿ ಉಂಟುಮಾಡುವ ವ್ಯತ್ಯಾಸವು ಯಂತ್ರದ ಸಾಮಾನ್ಯ ಏರುಪೇರಿನೊಳಗೆ ಅಡಗಿಹೋಗುತ್ತದೆ. ಆದುದರಿಂದ “850 ಅಡಿಗೆ ಎರಡು ಇಂಚು ನೀರು” ಎಂದು ಖಚಿತವಾಗಿ ನುಡಿಯುವ ಪರೀಕ್ಷಕನು ತನ್ನ ಯಂತ್ರದ ಶಕ್ತಿಗೆ ಮೀರಿದುದನ್ನು ನುಡಿಯುತ್ತಿದ್ದಾನೆ. ವಿದ್ಯುತ್ ಪರೀಕ್ಷೆಯು ಪ್ರಾಮಾಣಿಕವಾಗಿ ಕೊಡಬಲ್ಲ ಉತ್ತರವು ಮೇಲಿನ ಇನ್ನೂರು ಮುನ್ನೂರು ಅಡಿಗಳಿಗೆ ಸಂಬಂಧಿಸಿದ್ದು. ಗರಸು ಎಲ್ಲಿ ದಪ್ಪವಾಗಿದೆ, ಬಂಡೆಯು ಎಲ್ಲಿ ತಗ್ಗಾಗಿದೆ, ಎಲ್ಲಿ ಕೊರೆದರೆ ಕೆಲಸಕ್ಕೆ ಬಾರದು ಎಂಬುದು ಅದರಿಂದ ತಿಳಿಯುವುದು. ಕೇಸಿಂಗ್ ಕೊಳವೆಯನ್ನು ಎಷ್ಟು ಅಡಿ ಇಳಿಸಬೇಕಾದೀತೆಂಬ ಅಂದಾಜೂ ಸಿಕ್ಕುವುದು. ಕೊರೆಯುವವರು ಕೇಸಿಂಗಿಗೆ ಬೇರೆಯಾಗಿ ಹಣ ಪಡೆಯುವುದರಿಂದ ಈ ಅಂದಾಜು ಮೊದಲೇ ಕೈಯಲ್ಲಿದ್ದರೆ ಆಮೇಲಿನ ವ್ಯಾಜ್ಯ ತಪ್ಪುವುದು. ಮಳೆ ನೀರನ್ನು ಇಂಗಿಸುವ ಗುಂಡಿಯನ್ನು ಎಲ್ಲಿ ತೋಡಬೇಕೆಂಬುದನ್ನು ನಿರ್ಧರಿಸಲೂ ಈ ಪರೀಕ್ಷೆ ಬಹಳ ಉಪಯುಕ್ತವಾದುದು. ಜೇಡಿಯ ಮೇಲೆ ತೋಡಿದ ಗುಂಡಿಯಲ್ಲಿ ನೀರು ಇಂಗದೆ ಸೊಳ್ಳೆ ಬೆಳೆಯುವುದಷ್ಟೆ.

ಕರಿಕಲ್ಲಿನ ಸಾಲುಗಳ ವಿಷಯವಾಗಿ ಒಂದು ಮಾತು. ನೈಸ್ ಶಿಲೆಯ ನಡುವೆ ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಗೋಡೆಯಂತೆ ನುಗ್ಗಿ ನಿಂತ ಕರಿಕಲ್ಲು ಬೆಂಗಳೂರು, ಬಿಡದಿಗಳ ಕಡೆ ಅನೇಕ ಸ್ಥಳಗಳಲ್ಲಿದೆ. ಬಿರುಕಿಲ್ಲದ ಕರಿಕಲ್ಲು ನೆಲದೊಳಗಣ ಕಟ್ಟೆಯಂತೆ ನೀರನ್ನು ತಡೆಯುವುದರಿಂದ, ಅದರ ಒಂದು ಪಕ್ಕದ ಬಾವಿಯಲ್ಲಿ ನೀರಿದ್ದು ಇನ್ನೊಂದು ಪಕ್ಕದಲ್ಲಿ ಇಲ್ಲದಿರುವುದುಂಟು. ಸಲಾಕೆಗಳ ಅಂತರವನ್ನು ಬದಲಿಸದೆ ಇಡೀ ಸಾಲನ್ನು ಹೊಲದ ಉದ್ದಕ್ಕೂ ಮುಂದೆ ಮುಂದೆ ಸರಿಸಿ ಅಳೆದರೆ ಇಂತಹ ಗೋಡೆಯನ್ನು ಗುರುತಿಸಬಹುದು. ಈ ಕರಿಕಲ್ಲುಗಳನ್ನು ಕುರಿತ ವಿದ್ವಾಂಸರ ಬರಹಗಳಲ್ಲಿ ಹೆಸರಾಗಿರುವುದು ಕನಕಪುರದ ದಾರಿಯ ಹಾರೋಹಳ್ಳಿಯೇ ಹೊರತು ಹೇರೋಹಳ್ಳಿಯಲ್ಲ. ಹೆಸರಿನ ಹೋಲಿಕೆಯಿಂದ ಭ್ರಮೆಗೊಳ್ಳಬಾರದು.

ಈಚೆಗೆ ನಲವತ್ತು ಐವತ್ತು ಸಲಾಕೆಗಳನ್ನು ಒಂದೇ ತಂತಿಗೆ ಜೋಡಿಸಿ, ಕಂಪ್ಯೂಟರಿನ ಸಹಾಯದಿಂದ ನೆಲದ ಸೀಳುನೋಟವನ್ನು ಬಣ್ಣದ ಚಿತ್ರವಾಗಿ ಕೊಡುವ ಕ್ರಮ ಬಂದಿದೆ. ಹಳೆಯ ಕ್ರಮಕ್ಕಿಂತ ಇದು ಮೇಲಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಚಿತ್ರಗಳಲ್ಲಿ ತಡೆ ಕಡಿಮೆಯಿರುವ ಭಾಗಕ್ಕೆ ನೀಲಿ ಬಣ್ಣ ಹಾಕುವುದು ರೂಢಿ. ನೀಲಿ ಕಂಡಲ್ಲೆಲ್ಲ ನೀರಿದೆಯೆಂದು ತಿಳಿದು ಸಂತೋಷಪಡುವವರು ಮೇಲೆ ಹೇಳಿದ ಜೇಡಿಯ ವಿಚಾರವನ್ನು ನೆನಪಿಗೆ ತಂದುಕೊಳ್ಳಬೇಕು.

ಇನ್ನು ಕಂಪನದ ಪರೀಕ್ಷೆ. ಭೂಕಂಪದ ಅಲೆಗಳು ಬೇರೆ ಬೇರೆ ಶಿಲೆಗಳಲ್ಲಿ ಬೇರೆ ಬೇರೆ ವೇಗದಿಂದ ಸಾಗುವುವೆಂಬುದನ್ನು ಆಧರಿಸಿ, ಕ್ರೊಯೇಷಿಯಾ ದೇಶದ ಮೊಹೊರೊವಿಚಿಚ್ ಎಂಬ ವಿಜ್ಞಾನಿಯು 1909ರ ಭೂಕಂಪವೊಂದರ ದಾಖಲೆಗಳಿಂದ ಭೂಮಿಯ ಹೊರಚಿಪ್ಪಿನ ತಳವನ್ನು ಕಂಡುಹಿಡಿದನು. ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿಯೂ 1965ರಲ್ಲಿ ದೂರದ ಕಂಪನಗಳನ್ನು ಆಲಿಸುವ ಯಂತ್ರಗಳ ಸಾಲು ಸ್ಥಾಪಿತವಾಯಿತು. ಹೊಲದಲ್ಲಿ ನಡೆಯುವ ಪರೀಕ್ಷೆಯು ಇದೇ ತತ್ತ್ವದ ಕಿರಿಯ ರೂಪ. ನೆಲದ ಮೇಲಿಟ್ಟ ಉಕ್ಕಿನ ಹಲಗೆಯನ್ನು ದೊಡ್ಡ ಸುತ್ತಿಗೆಯಿಂದ ಹೊಡೆಯುವರು. ಸಾಲಾಗಿ ಊರಿದ ಗ್ರಾಹಕಗಳು ಆ ಕಂಪನವು ತಮ್ಮನ್ನು ಮುಟ್ಟಿದ ಸಮಯವನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ಗುರುತಿಸುವುವು.

ಇದರ ಮರ್ಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಪಕ್ಕದ ಹಳ್ಳಿಗೆ ಹೋಗುವವನು ಬದುವಿನ ಮೇಲೆ ನೇರವಾಗಿ ನಡೆದರೆ ಬೇಗ ಸೇರುವನು. ಆದರೆ ಹತ್ತು ಹರದಾರಿ ದೂರದ ಊರಿಗೆ ಹೋಗಬೇಕಾದವನು ಮೊದಲು ಹೆದ್ದಾರಿಯವರೆಗೆ ಅಡ್ಡಲಾಗಿ ನಡೆದು, ಅಲ್ಲಿ ಬಸ್ಸು ಹತ್ತಿದರೆ, ಬಳಸು ದಾರಿಯಾದರೂ ನಡೆದುಹೋದವನಿಗಿಂತ ಮೊದಲೇ ತಲಪುವನು. ಕಂಪನವೂ ಹಾಗೆಯೇ. ಹತ್ತಿರದ ಗ್ರಾಹಕಕ್ಕೆ ಮಣ್ಣಿನಲ್ಲಿ ನೇರವಾಗಿ ಬಂದ ಅಲೆ ಮೊದಲು ಮುಟ್ಟುತ್ತದೆ. ದೂರದ್ದಕ್ಕೆ ಕೆಳಗಿಳಿದು ಬಂಡೆಯ ಮೇಲ್ಮೈಯಲ್ಲಿ ಓಡಿ ಮತ್ತೆ ಮೇಲೆದ್ದ ಅಲೆ ಮೊದಲು ಮುಟ್ಟುತ್ತದೆ. ಎರಡು ಅಲೆಗಳೂ ಸರಿಸಮವಾಗಿ ಬರುವ ದೂರವನ್ನು ಕಂಡುಕೊಂಡರೆ ಬಂಡೆಯ ಆಳವು ಲೆಕ್ಕಕ್ಕೆ ಸಿಕ್ಕುವುದು. ಮಣ್ಣಿನಲ್ಲಿ ಸೆಕೆಂಡಿಗೆ 500 ಮೀಟರು, ಬಂಡೆಯಲ್ಲಿ 5,000 ಮೀಟರು ವೇಗವಿದ್ದು, ಸಮವಾಗುವ ದೂರವು 20 ಮೀಟರಾದರೆ ಬಂಡೆಯು ಸುಮಾರು 9 ಮೀಟರು ಆಳದಲ್ಲಿರುತ್ತದೆ.

ವೇಗಗಳನ್ನೂ ಸ್ಥೂಲವಾಗಿ ತಿಳಿದಿರುವುದೊಳ್ಳೆಯದು. ಒಣ ಮೇಲ್ಮಣ್ಣಿನಲ್ಲಿ ಸೆಕೆಂಡಿಗೆ ಮುನ್ನೂರರಿಂದ ಆರುನೂರು ಮೀಟರು. ನೀರು ತುಂಬಿದ ಸಡಿಲ ಪದರದಲ್ಲಿ 1,500ರ ಸುಮಾರು. ಶಿಥಿಲ ಶಿಲೆಯಲ್ಲಿ ಅಲ್ಲಿಂದ 3,000ದವರೆಗೆ. ಗಟ್ಟಿ ನೈಸಿನಲ್ಲಿ 4,500ಕ್ಕೂ ಮೇಲೆ. ಇದರಲ್ಲಿಯೂ ಕುಂದಿಲ್ಲದಿಲ್ಲ. ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರವಿದ್ದರೆ ಈ ಕ್ರಮಕ್ಕೆ ಅದು ಗೋಚರವಾಗುವುದಿಲ್ಲ. ಗರಸಿನ ನಡುವೆ ಉಳಿದ ದೊಡ್ಡ ಗುಂಡುಕಲ್ಲನ್ನು ಹಾಸುಬಂಡೆಯೆಂದು ತಪ್ಪು ತಿಳಿಯುವುದೂ ಸಾಧ್ಯ. ಲಾರಿ ಬಸ್ಸುಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಸುತ್ತಿಗೆಯ ಸದ್ದು ಗದ್ದಲದಲ್ಲಿ ಮುಳುಗಿಹೋಗುವುದರಿಂದ ಪೇಟೆಯಲ್ಲಿ ಈ ಕೆಲಸವನ್ನು ರಾತ್ರಿ ಮಾಡುವುದು ಲೇಸು.

ವಿದ್ಯುತ್ತು ತಬ್ಬಿಬ್ಬಾಗುವ ಕೆಲವೆಡೆ ಕಂಪನವು ನೆರವಾಗುತ್ತದೆ. ತಡೆ ಕಡಿಮೆಯಿದ್ದು, ವೇಗವು 1,500 ಮೀಟರಿಗಿಂತ ಸಾಕಷ್ಟು ಹೆಚ್ಚಾಗಿದ್ದರೆ ಅದು ಮೆತ್ತನೆಯ ಜೇಡಿಯಾಗಿರುವ ಸಂಭವ ಕಡಿಮೆ, ನೀರುಳ್ಳ ಶಿಥಿಲ ಶಿಲೆಯಾಗಿರುವ ಸಂಭವ ಹೆಚ್ಚು. ಎರಡನ್ನೂ ಒಂದೇ ಸಾಲಿನಲ್ಲಿ ನಡೆಸಿದರೆ ಒಂದರ ಸಂದೇಹವನ್ನು ಇನ್ನೊಂದು ಎಷ್ಟೋ ಮಟ್ಟಿಗೆ ಪರಿಹರಿಸುವುದು. ಖರ್ಚು ಹೆಚ್ಚಾಗುವುದರಿಂದ ಒಂದು ಮನೆಯ ಬಾವಿಗೆ ಇದು ಭಾರವೆನಿಸಬಹುದು. ಊರಿನ ನೀರಿನ ಬಾವಿ, ಶಾಲೆಯ ಕಟ್ಟಡ, ಕೆರೆಯ ಏರಿ ಮುಂತಾದ ಸಾರ್ವಜನಿಕ ಕೆಲಸಗಳಿಗೆ ಭಾರವೆಂದು ಹೇಳಲಾಗದು.

ಕಟ್ಟಡಗಳ ವಿಷಯದಲ್ಲಂತೂ ಕಂಪನದ ಪರೀಕ್ಷೆಯದೇ ಮೇಲುಗೈ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ 58 ಸ್ಥಳಗಳಲ್ಲಿ, ನೆಲದ ಮೇಲ್ಮೈಯಲ್ಲಿ ಸಾಗುವ ಅಲೆಗಳನ್ನು ಅಳೆದು, ಭೂಕಂಪವಾದರೆ ಯಾವ ಭಾಗದ ನೆಲ ಹೆಚ್ಚು ಅಲುಗೀತೆಂಬುದನ್ನು ವಿವೇಚಿಸಿದರು. ಬಂಡೆಯ ಮೇಲೆ ಕೂತಿರುವ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಇದೇಕೆಂದು ಕೇಳಬಹುದು. ಧರ್ಮಾಂಬುಧಿ ಕೆರೆಯ ಅಂಗಳವು ಕೆಂಪೇಗೌಡ ಬಸ್ಸು ನಿಲ್ದಾಣವಾಯಿತು; ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಹೀಗೆ ಹೂಳಿನ ಮೇಲೆ ಮಣ್ಣು ತುಂಬಿ ಕಟ್ಟಿದ ಸ್ಥಳಗಳು ಅನೇಕ. ನಮ್ಮ ಮೆಟ್ರೋ ರೈಲಿನ ಸುರಂಗಗಳನ್ನು ಕೊರೆಯುವಾಗಲೂ ಒಮ್ಮೆ ಗಟ್ಟಿ ಬಂಡೆ, ಒಮ್ಮೆ ಸಡಿಲ ಮಣ್ಣು ಎದುರಾಗಿ ಯಂತ್ರಗಳು ತಡೆದು ನಿಂತುವು. ಕಬ್ಬನ್ ಪಾರ್ಕಿನಿಂದ ನಗರದ ರೈಲ್ವೆ ನಿಲ್ದಾಣದ ಕಡೆಯ ನೆಲದಡಿಯ ದಾರಿ 2016ರ ಏಪ್ರಿಲಿನಲ್ಲಿ ತೆರೆಯುವ ಮೊದಲು ಈ ಬಗೆಯ ತೊಂದರೆಗಳು ಬೇಕಾದಷ್ಟು ಉಂಟಾಗಿದ್ದುವು. ಹಳೆಯ ಕೆರೆ, ಕಾಲುವೆ, ಕಲ್ಲು ತೆಗೆದ ಹಳ್ಳಗಳನ್ನು ಮುಚ್ಚಿ ಮಾಡಿದ ನಿವೇಶನವೆಂದು ಊರಿನ ಹಿರಿಯರು ಹೇಳಿದಲ್ಲಿ ತಳಪಾಯಕ್ಕೆ ಮೊದಲು ಈ ಪರೀಕ್ಷೆ ಮಾಡಿಸುವುದು ಜಾಣತನ. ಅದರೊಡನೆ ಒಂದೆರಡು ಕಡೆ ಕೊರೆದು ಮಣ್ಣನ್ನು ತೆಗೆದು ನೋಡುವುದೂ ಅಗತ್ಯ. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಪರೀಕ್ಷೆಯಾದ ಮೇಲೆ ಜಮೀನುದಾರರು ಬಾಯಿಮಾತಿನ ಉತ್ತರವನ್ನೂ, ನೆಲಕ್ಕೆ ಹೊಡೆದ ಗೂಟವನ್ನೂ ಪಡೆದು ಸುಮ್ಮನಾಗತಕ್ಕದ್ದಲ್ಲ. ಸಲಾಕೆಗಳ ಅಂತರ, ಒಂದೊಂದು ಅಂತರದ ಅಳತೆ, ಸಾಲಿನ ದಿಕ್ಕು, ತಾರೀಖು ಇವಿಷ್ಟೂ ಇರುವ ಕಾಗದವನ್ನು ಕೇಳಿ ಪಡೆಯಬೇಕು. ಅಳತೆಯ ಕಾಗದವಿದ್ದರೆ ಬೇರೊಬ್ಬ ಭೂವಿಜ್ಞಾನಿಗೆ ತೋರಿಸಿ ವಿಚಾರಿಸಬಹುದು. ಗೂಟದ ವಿಷಯದಲ್ಲಿ ಹಾಗೆ ವಿಚಾರಿಸಲು ಬರುವುದಿಲ್ಲ. ಅಧಿಸೂಚಿತ ಪ್ರದೇಶಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಪ್ರಕಾರ ಬಾವಿಯನ್ನು ಕೊರೆಯಿಸಲು ಮೊದಲೇ ಅನುಮತಿಯನ್ನು ಪಡೆಯಬೇಕು. ಕೊರೆಯುವಾಗ ಹತ್ತು ಹತ್ತು ಅಡಿಗೆ ಒಂದು ಹಿಡಿ ಪುಡಿಯನ್ನು ಚೀಲದಲ್ಲಿಟ್ಟು ಆಳವನ್ನು ಬರೆದಿಡುವುದು ಖರ್ಚಿಲ್ಲದ ಕೆಲಸ. ಆ ಚೀಲಗಳನ್ನು ಪರೀಕ್ಷೆಯ ಕಾಗದದೊಡನೆ ಹೋಲಿಸಿದರೆ ಪರೀಕ್ಷಕನ ಯೋಗ್ಯತೆಯೂ ತಿಳಿಯುವುದು, ನೆರೆಯ ಹೊಲದವನ ಮುಂದಿನ ಪರೀಕ್ಷೆಗೆ ಆಧಾರವೂ ಸಿಕ್ಕುವುದು.

ಇಷ್ಟಾದರೂ ಕೆಲವು ಬಾವಿಗಳು ವಿಫಲವಾಗುವುವು. ಅಂತಹವನ್ನು ತೆರೆದು ಬಿಡಬಾರದು. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಕೊಳವೆಬಾವಿಯೊಳಕ್ಕೆ ಬಿದ್ದ ಮಗುವು ಸುಮಾರು ಇಪ್ಪತ್ತು ಗಂಟೆಗಳ ಪ್ರಯತ್ನದ ಮೇಲೆ ಜೀವಸಹಿತ ದೊರೆಯಿತು. ಎಲ್ಲ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ. ಕೈಬಿಟ್ಟ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲು ಅಥವಾ ಕೊರೆದು ತೆಗೆದ ಪುಡಿಯಿಂದ ತಳದಿಂದ ನೆಲಮಟ್ಟದವರೆಗೂ ತುಂಬಿಸಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ವಿಧಿಸಿತು. ಹಳ್ಳಿಗಳಲ್ಲಿ ಇದನ್ನು ನೋಡಿಕೊಳ್ಳುವ ಹೊಣೆಯನ್ನು ಗ್ರಾಮದ ಮುಖ್ಯಸ್ಥರಿಗೂ ವ್ಯವಸಾಯ ಇಲಾಖೆಯ ಅಧಿಕಾರಿಗೂ ವಹಿಸಿತು.